ಸೇರಿನ ಮೇಲಿನ ಕೈ

ಆಕೆಯ ಬಲಗೈಯ ಅಂಗೈ ಅಕ್ಕಿಯ ಧೂಳಿನಿಂದ ಸದಾ ಬೆಳ್ಳಗಿರುತ್ತಿತ್ತು. ಸೇರಿನ ಬಾಯಿಯ ಮೇಲೆ ಅದನ್ನೊಮ್ಮೆ ಸವರಿದರೆ ಮುಗಿಯಿತು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ.

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ನಾವು ಹತ್ತು ಹೆಂಗಸರು ಅಕ್ಕಿ ಹಸನು ಮಾಡುತ್ತಿದ್ದೆವು. ಹಿರಿಯಳಾದ ಆಕೆ ನಮಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಶನಿವಾರ ಸಾಹುಕಾರರು ಬಿಟ್ಟುಕೊಡುವ ನುಚ್ಚನ್ನು ಹಂಚುವವಳೂ ಆಕೆಯೇ. ಹಂಚಿದವರದು ಕೊನೆಯ ಪಾಲು ಎನ್ನುವ ಕಟ್ಟಳೆ ಆಕೆಯದೇ. ಎಷ್ಟೋ ವಾರ ಆಕೆಗೆ ಉಳಿದದ್ದು ಒಂದು ಹಿಡಿ. "ಕೈ ಹಸನಿದ್ರ ಗಂಜಿ ತೆಳ್ಳಗಿದ್ರೂ ರುಚಿ" ಎಂದು ನಗುತ್ತಿದ್ದಳು.

ಒಂದು ಮಧ್ಯಾಹ್ನ ಪೇರಿಸಿಟ್ಟ ಚೀಲಗಳಲ್ಲಿ ಮೇಲಿನದೊಂದು ಜಾರಿ ಆಕೆಯ ತಲೆಯ ಮೇಲೆ ಬಿತ್ತು. ರಾಯಚೂರಿನ ದವಾಖಾನೆಯಿಂದ ಎರಡು ತಿಂಗಳಿಗೆ ಮರಳಿದಳು. ಅದೇ ಮಾತು, ಅದೇ ನಗು. ಆದರೆ ಮೊದಲ ಶನಿವಾರವೇ ತನ್ನ ಚೀಲಕ್ಕೆ ಮೊದಲು ಸುರಿದುಕೊಂಡಳು, ಅದೂ ಅಂಗೈಯಿಂದ ಸವರದ ತುಂಬುಸೇರು. ಮರುವಾರವೂ ಹಾಗೆಯೇ. ನನ್ನ ಬಾಯಿ ಮೊದಲೇ ಕೆಟ್ಟದ್ದು. ಎಲ್ಲರೆದುರು ಕಳ್ಳಿ ಎಂದುಬಿಟ್ಟೆ.

ಸಂಜೆ ನಮ್ಮ ಮನೆಗೆ ಬಂದಳು. ಒಳಗೆ ಕರೆದರೂ ಹೊಸ್ತಿಲು ದಾಟಲಿಲ್ಲ.

"ತಪ್ಪು ಅಂತ ನಿನಗಿಂತ ಮೊದ್ಲ ನನಗ ಗೊತ್ತದವ್ವ. ಮನಸು ಬ್ಯಾಡ ಅಂತದ, ಕೈ ಕೇಳವಲ್ದು. ತೆಲಿಯಾಗ ಲಗಾಮು ಹಿಡಿಯೋ ಜಾಗಕ್ಕ ಪೆಟ್ಟಾಗ್ಯಾದಂತ, ಡಾಕ್ಟ್ರು ಅಂದ್ರು. ಯಾರರ ಬಾಜೂಕ ನಿಂತು ನೋಡಿದ್ರ ಕೇಳ್ತದ. ನೀ ನಿಂದ್ರತಿ?"

ನಿಂತೆ. ನಾಲ್ಕು ವರ್ಷ. ಆಕೆಯ ಕೈ ತನ್ನದೇ ಚೀಲದ ಕಡೆ ತಿರುಗಿದಾಗ ನಾನೊಂದು ಸಲ ಕೆಮ್ಮಿದರೆ ಸಾಕು, ಹಿಂದೆ ಬರುತ್ತಿತ್ತು. ಅಷ್ಟು ತಡೆಯುವುದಕ್ಕೇ ಆಕೆಯ ಹಣೆ ಬೆವರುತ್ತಿತ್ತು. ತನ್ನ ಮೈಯೊಳಗೇ ಸೆರೆಸಿಕ್ಕವಳ ಪಾಡು ಯಾವ ಹಗೆಗೂ ಬೇಡ.

ಒಮ್ಮೆ ತಂಗಿಯ ಬಾಣಂತನಕ್ಕೆಂದು ದೇವದುರ್ಗಕ್ಕೆ ಹೋಗಿದ್ದೆ. ಆ ಶನಿವಾರ ಖಾಲಾ ಸೇರು ಮುಟ್ಟಲಿಲ್ಲವಂತೆ. ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡು, ಹಂಚಿ ಮುಗಿಯುವವರೆಗೆ ಅವುಗಳ ಮೇಲೆಯೇ ಕುಳಿತಿದ್ದಳಂತೆ. ಆಕೆಯ ಪಾಲನ್ನು ಬೇರೆಯವರೇ ಚೀಲಕ್ಕೆ ಹಾಕಬೇಕಾಯಿತು. ಹೋಗಿ, ಅಂದು ಕಳ್ಳಿ ಎಂದದ್ದು ತಪ್ಪಾಯಿತು ಎನ್ನಬೇಕೆಂದುಕೊಂಡೆ; ಸೊಕ್ಕು ಬಿಡಲಿಲ್ಲ.

ಮರುವರ್ಷ ಚಳಿಜ್ವರದಲ್ಲಿ ಆಕೆ ತೀರಿಕೊಂಡಳು. ಮುಂದಿನ ಶನಿವಾರ ಸೇರು ನನ್ನ ಕೈಗೆ ಬಂತು. ಬಾಜೂಕ ಯಾರೂ ನಿಂತಿರಲಿಲ್ಲ. ನನ್ನ ಕೈ ತಾನಾಗಿಯೇ ಸೇರು ಸವರಿತು, ತಾನಾಗಿಯೇ ಕೊನೆಯ ಪಾಲು ತೆಗೆದುಕೊಂಡಿತು. ನನಗೆ ಒಂದು ಹನಿ ಬೆವರೂ ಬರಲಿಲ್ಲ. ನನಗೆ ಇಷ್ಟು ಸಲೀಸಾದ ಕೆಲಸಕ್ಕೆ ಆಕೆ ಬೆವರು ಸುರಿಸಬೇಕಿತ್ತು; ನಾನೋ ಎದೆಯುಬ್ಬಿಸಿ ಆಕೆಯನ್ನು ಕಳ್ಳಿ ಎಂದಿದ್ದೆ!

ತಪ್ಪಾತು ಖಾಲಾ, ಎಂದೆ. ಕೇಳಿಸಿಕೊಳ್ಳಲು ಆಕೆ ಇರಲಿಲ್ಲ.