ತೂತನ್ನು ಬಳಸಿ ನಡೆದ ಅಕ್ಷರಗಳು

ಪೂರ್ಣ ಹೆಸರು ಕಡೆಮೊಗರು ಝುಲೈಖ ಇದ್ದಿನಬ್ಬ. ತೀರಿಕೊಂಡಾಗ ವಯಸ್ಸು ಐವತ್ತೆಂಟು. ತಂದೆ ಇದ್ದಿನಬ್ಬ ಊರಾದ ಕಡೆಮೊಗರಿನ ಮದರಸದಲ್ಲಿ ಓದಿಸುತ್ತಿದ್ದವರು. ಗಂಡ ದುಬೈಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದು, ಅವಳಿಗಿಂತ ಹದಿನಾಲ್ಕು ವರ್ಷ ಮೊದಲು ತೀರಿಹೋದವರು. ಒಬ್ಬಳೇ ಮಗಳು ನಸೀಮ, ಅಬುಧಾಬಿಯ ಖಲೀಫಾ ಸಿಟಿಯ ಶಾಲೆಯೊಂದರಲ್ಲಿ ಅಧ್ಯಾಪಕಿ.

ದುಬೈಯ ಸತ್ವಾದ ದರ್ಜಿ ಅಂಗಡಿಗಳ ಸಾಲು ಮುಗಿಯುವಲ್ಲಿ ಒಂದು ಭಾಷಾಂತರ ಕಚೇರಿ. ಜನನ ಪತ್ರ, ಮದುವೆ ಪತ್ರ, ಪದವಿ ಪತ್ರಗಳನ್ನು ಅರಬಿಗೆ ತಿರುಗಿಸಿ ಠಸ್ಸೆ ಒತ್ತಿ ಕೊಡುವ ಜಾಗ. ಝುಲೈಖ ಅಲ್ಲಿ ಇಪ್ಪತ್ತೆರಡು ವರ್ಷ ಕುಳಿತಳು. ಅರಬಿ ಲಿಪಿಯಲ್ಲಿ ಬರೆದ ಕರಾವಳಿಯ ಹಳೆಯ ಬ್ಯಾರಿ ನುಡಿಯನ್ನು ತಡವರಿಸದೆ ಓದುವವರು ದುಬೈಯಲ್ಲಿ ಅವಳೊಬ್ಬಳೇ ಇರಬೇಕು. ತಂದೆ ಕೊಟ್ಟ ಆಸ್ತಿ ಅದು. ಓದು ಕಷ್ಟಪಟ್ಟು ಬಂದವರಿಗೆ ಅಕ್ಷರ ಹಗುರವಲ್ಲ. ಒಂದು ಹೆಸರು ತಪ್ಪಿದರೆ ಇಡೀ ಹಾಳೆಯನ್ನು ಮತ್ತೆ ಬರೆಯುತ್ತಿದ್ದಳು.

ಅಬೂಬಕ್ಕರ್ ಹಾಜಿ ಆ ಕಾಗದವನ್ನು ತಂದದ್ದು ಎರಡು ಸಾವಿರದ ಹತ್ತೊಂಬತ್ತರ ಚಳಿಗಾಲದಲ್ಲಿ. ಹಾಜಿಯವರು ಕಡೆಮೊಗರು ಜಮಾಅತಿನ ದುಬೈ ಸಮಿತಿಗೆ ಹಿರಿಯರು. ಅವರು ಹೂಂ ಎನ್ನದೆ ಊರಿನಲ್ಲಿ ಒಂದು ನಿಕಾಹ್ ಕೂಡ ನಡೆಯುತ್ತಿರಲಿಲ್ಲ. ಮುಂಬೈಯ ಹಳೆ ಸಾಮಾನಿನ ವ್ಯಾಪಾರಿಯೊಬ್ಬನಿಂದ ಅವರು ಕೊಂಡಿದ್ದ ಆ ಕಾಗದ, ಊರಿನ ದರ್ಗಾದಲ್ಲಿ ಮಲಗಿರುವ ಸಂತ ದೊಡ್ಡ ತಂಙಳರು ನೂರ ಮೂವತ್ತು ವರ್ಷಗಳ ಹಿಂದೆ ತಮ್ಮ ಕೈಯಾರೆ ಬರೆದದ್ದಂತೆ.

“ಬಿಚ್ಚಿದ ಕೂಡಲೇ ದರ್ಗಾದ ಊದಿನ ಪರಿಮಳ ಬಂತು, ಮಗಳೇ,” ಎಂದರು ಹಾಜಿ. ಅವರ ಕಣ್ಣು ತುಂಬಿತ್ತು.

ಕಾಗದದ ಸಾರ ಇಷ್ಟು: ದರ್ಗಾದ ದೀಪ ಹಚ್ಚುವ ಹಕ್ಕು ತಂಙಳರ ಮಗಳ ಸಂತತಿಗೆ ಸೇರಿದ್ದು. ಆ ಸಂತತಿಯೆಂದರೆ ಹಾಜಿಯವರ ಮನೆ. ಆದರೆ ಐದು ತಲೆಮಾರಿನಿಂದ ಆ ದೀಪ ಹಚ್ಚುತ್ತಿದ್ದದ್ದು ದೋಣಿಯವರ ಮನೆ ಎಂಬ ಇನ್ನೊಂದು ಕುಟುಂಬ.

ಅದನ್ನು ಅರಬಿಗೂ ಕನ್ನಡಕ್ಕೂ ತಿರುಗಿಸಲು ಕುಳಿತ ಝುಲೈಖಳ ಬೆರಳು ನಾಲ್ಕನೆಯ ಸಾಲಿನಲ್ಲಿ ನಿಂತಿತು. ಅಲ್ಲೊಂದು ಹುಳು ತಿಂದ ತೂತು. ತೂತಿನ ಹತ್ತಿರ ಬಂದ ಅಕ್ಷರಗಳು ಕೆಸರು ಕಂಡವರಂತೆ ಬದಿಗೆ ಸರಿದು, ಒತ್ತೊತ್ತಾಗಿ ದಾಟಿ, ಆಚೆ ಹೋಗಿ ಮತ್ತೆ ನೆಟ್ಟಗಾಗಿದ್ದವು. ಏಳನೆಯ ಸಾಲಿನಲ್ಲಿಯೂ ಹಾಗೆಯೇ. ಹುಳು ಮೊದಲು ತಿಂದಿತ್ತು. ಮನುಷ್ಯ ಆಮೇಲೆ ಬರೆದಿದ್ದ.

ಭಾಷಾಂತರದ ಅಡಿಯಲ್ಲಿ ಅವಳು ಈ ಮಾತನ್ನು ಎರಡು ಸಾಲಿನಲ್ಲಿ ಬರೆದಳು. ಕಚೇರಿಯ ಯಜಮಾನ ಅದನ್ನು ಹೊಡೆದುಹಾಕಿದ.

“ಅನುವಾದ ಮೂಲಕ್ಕೆ ಸರಿಯಾಗಿದೆ ಅಂತ ಮಾತ್ರ ನಮ್ಮ ಠಸ್ಸೆ ಹೇಳುವುದು. ಮೂಲ ಯಾರು ಬರೆದದ್ದು ಅಂತ ನಿನ್ನನ್ನು ಕೇಳಿದವರು ಯಾರು? ಖಲಾಸ್.”

ಟಿಪ್ಪಣಿಯಿಲ್ಲದ ಪ್ರತಿಗೆ ಅವಳು ಠಸ್ಸೆ ಒತ್ತಿದಳು. ಅಷ್ಟೇ ಅಲ್ಲ, ಇನ್ನೊಂದು ತಪ್ಪನ್ನೂ ಮಾಡಿದ್ದಳು. ಮೂಲದಲ್ಲಿ ಒಂದು ಒಡ್ಡೊಡ್ಡಾದ ವಾಕ್ಯವಿತ್ತು: ಎಣ್ಣೆ ಯಾರು ಕೊಟ್ಟರೂ ಆದೀತು, ದೀಪ ನಮ್ಮವರೇ ಹಚ್ಚಬೇಕು. ಕೈಗೆ ಬಂದ ವಾಕ್ಯವನ್ನು ತಿದ್ದದೆ ಬಿಡುವ ಗುಣ ಅವಳದಲ್ಲ. ಕನ್ನಡದ ಪ್ರತಿಯಲ್ಲಿ ಅದು ಹೀಗಾಯಿತು: “ಎಣ್ಣೆ ಯಾರದೇ ಇರಲಿ, ಬೆಳಕಿನ ಹೊಣೆ ನನ್ನ ರಕ್ತದ್ದು.”

ಗಲ್ಫಿನಲ್ಲಿ ಬದುಕುವವರಿಗೆ ಠಸ್ಸೆ ಬಿದ್ದ ಕಾಗದವೇ ಸತ್ಯ. ಅದನ್ನು ಮತ್ತೆ ಓದುವ ಅಭ್ಯಾಸ ಯಾರಿಗೂ ಇಲ್ಲ. ತಿಂಗಳೊಳಗೆ ಮಾತು ಹರಡಿತು: ತಂಙಳರ ಪತ್ರವನ್ನು ದುಬೈ ಸರ್ಕಾರವೇ ಒಪ್ಪಿ ಮುದ್ರೆ ಹಾಕಿದೆಯಂತೆ. ಊರಿನಲ್ಲಿ ದೋಣಿಯವರ ಮನೆಯಿಂದ ದೀಪದ ಎಣ್ಣೆಪಾತ್ರೆಯನ್ನು ಎತ್ತಿಕೊಂಡು ಹೋದರು.

ಸಮಿತಿಯ ಸಭೆಗಳಲ್ಲಿ ಹೆಂಗಸರಿಗೆ ಪರದೆಯ ಈಚೆ ಜಾಗ. ಮುಖ ಕಾಣುವುದಿಲ್ಲ, ಗೋಡೆಯ ಸ್ಪೀಕರ್ ಪೆಟ್ಟಿಗೆಯಿಂದ ಸ್ವರ ಮಾತ್ರ ಬರುತ್ತದೆ. ಆ ಪೆಟ್ಟಿಗೆಯಿಂದ ಒಂದು ದಿನ ಝುಲೈಖಳ ವಾಕ್ಯ ಬಂತು. ಹಾಜಿಯವರು ಹೇಳಿದರು, ಆಚೆ ಗಂಡಸರು ಒಟ್ಟಾಗಿ ಹೇಳಿದರು, ಈಚೆ ಪಕ್ಕದಲ್ಲಿ ಕುಳಿತ ಮುದುಕಿ ಕಣ್ಣೊರೆಸಿಕೊಂಡಳು. ಅಂದಿನಿಂದ ಅದು ಅವಳನ್ನು ಬಿಡಲಿಲ್ಲ. ಫೋನಿನ ಬೆಳಗಿನ ಸಂದೇಶಗಳಲ್ಲಿ ಅದೇ ವಾಕ್ಯ, ಮದುವೆ ಕಾಗದದ ತಲೆಯಲ್ಲಿ ಅದೇ ವಾಕ್ಯ. ಮಧ್ಯಾಹ್ನ ಕಚೇರಿ ಖಾಲಿಯಾದಾಗ ಬೆನ್ನ ಹಿಂದೆ ಯಾರೋ ನಿಂತು ಅವಳು ಬರೆಯುವುದನ್ನು ಓದುತ್ತಿದ್ದಾರೆ ಎನಿಸುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ. ಯಾರೆಂದು ಅವಳಿಗೆ ಗೊತ್ತಿತ್ತು. ನೂರ ಮೂವತ್ತು ವರ್ಷ ಮೌನವಾಗಿ ಮಲಗಿದ್ದವರ ಬಾಯಿಗೆ ಮಾತು ತುರುಕಿದವಳು ತಾನು; ಆಡದ ಮಾತಿನ ಲೆಕ್ಕ ಕೇಳಲು ಅವರು ಬಂದಿದ್ದರು.

ಅವರಿಗಿಂತ ಮೊದಲು ಬಾಯಿಬಿಟ್ಟು ಕೇಳಿದವಳು ಆಸ್ಯಮ್ಮ. ದೋಣಿಯವರ ಮನೆಯ ಮಗಳು, ಅದೇ ದರ್ಜಿ ಸಾಲಿನಲ್ಲಿ ಅಬಾಯ ಹೊಲಿಯುವವಳು. ಟೇಪನ್ನು ಕೊರಳಿಂದ ತೆಗೆಯದೆಯೇ ಬಂದು ಕುರ್ಚಿ ಎಳೆದಳು.

“ಅಲ್ಲ ಮಾರಾಯ್ತಿ, ಠಸ್ಸೆ ನಿಮ್ಮದೇ ಅಂತಲ್ವಾ. ಆ ಕಾಗದ ಸತ್ಯವಾ?”

“ನಾನು ಭಾಷಾಂತರ ಮಾಡಿದ್ದು, ಆಸ್ಯಮ್ಮ.”

“ನಾನು ಅದನ್ನು ಕೇಳಿದೆನಾ? ಗಿರಾಕಿ ಬಟ್ಟೆ ಸರಿ ಉಂಟಾ ಅಂತ ಕೇಳಿದರೆ ಹೊಲಿಗೆ ನನ್ನದು ಅಂತ ನಾನು ಹೇಳುವುದಿಲ್ಲ.” ಅವಳ ಸ್ವರ ಇಳಿಯಿತು. “ನಮ್ಮ ಅಣ್ಣ ಈಗಲೂ ಸಂಜೆ ಮಗ್ರಿಬಿನ ಹೊತ್ತಿಗೆ ಕೈಕಾಲು ತೊಳೆದು ದರ್ಗಾದ ಮೆಟ್ಟಿಲವರೆಗೆ ಹೋಗುತ್ತಾನೆ. ಹೋಗಿ ನಿಂತು ವಾಪಸು ಬರುತ್ತಾನೆ. ಊಟ ಸೇರುವುದಿಲ್ಲ ಅವನಿಗೆ.”

ಝುಲೈಖ ಮುಂದಿನ ಗಿರಾಕಿಯ ಕಾಗದವನ್ನು ಎಳೆದುಕೊಂಡಳು.

ಅವಳಿಂದ ಉತ್ತರ ಕೊಡಿಸಿದ್ದು ಒಬ್ಬ ಅಮೆರಿಕದ ಹೆಂಗಸು. ಮಗನ ಮದುವೆ ಪತ್ರದ ಭಾಷಾಂತರಕ್ಕೆ ಅಬುಧಾಬಿಯಿಂದ ಬಂದಿದ್ದವಳು. ಆ ವೇಳೆಗೆ ಪ್ರತಿಯೊಂದು ಕಾಗದವನ್ನೂ ಬೆಳಕಿಗೆ ಹಿಡಿದು ನೋಡುವುದು ಝುಲೈಖಳಿಗೆ ರೂಢಿಯಾಗಿತ್ತು. ಅದನ್ನು ಕಂಡು ಆಕೆ ನಕ್ಕಳು. ತಾನು ಕ್ರೈಸ್ತರಲ್ಲೇ ಒಂದು ಪಂಗಡವಾದ ಮಾರ್ಮನ್ ಮತದವಳೆಂದೂ, ಚಿಕ್ಕವಳಿದ್ದಾಗ ಒಬ್ಬಾತ ತಮ್ಮ ಮತದ ಆದಿಕಾಲದ ಪತ್ರಗಳೆಂದು ಸುಳ್ಳು ಪತ್ರಗಳನ್ನು ಸೃಷ್ಟಿಸಿ ತಮ್ಮ ಹಿರಿಯರಿಗೇ ಮಾರಿದನೆಂದೂ, ಗುಟ್ಟು ಒಡೆಯುವ ಹೊತ್ತಿಗೆ ಬಾಂಬಿಟ್ಟು ಇಬ್ಬರನ್ನು ಕೊಂದನೆಂದೂ ಹೇಳಿದಳು.

“ಹಿರಿಯರಿಗೆ ತಿಳಿಯಲಿಲ್ಲವೇ?” ಎಂದು ಕೇಳಿದಳು ಝುಲೈಖ.

“ಇಲ್ಲ. ಕೊಂಡರು. ಕೆಲವನ್ನು ಯಾರಿಗೂ ತೋರಿಸದೆ ಇಟ್ಟುಕೊಂಡರು. ದೇವರ ಮಾತು ಕೇಳಿಸುವವರಿಗೆ ಎದುರು ಕುಳಿತ ಮೋಸಗಾರ ಯಾಕೆ ಕಾಣಲಿಲ್ಲ ಅಂತ ನಮ್ಮಪ್ಪ ಸಾಯುವ ತನಕ ಕೇಳುತ್ತಿದ್ದರು.”

“ನೀವು ಆ ಮತ ಬಿಟ್ಟಿರೋ?”

“ನಾನು ಬಿಡಲಿಲ್ಲ. ಅಪ್ಪ ಬಿಟ್ಟರು. ಹಿರಿಯರು ಮೋಸಹೋದರು ಅಂತಲ್ಲ. ಮೋಸಹೋದೆವು ಅನ್ನುವ ಮಾತು ಅವರ ಬಾಯಿಂದ ಬರಲು ತಡವಾಯಿತು ಅಂತ.”

ಮರುದಿನವೇ ಝುಲೈಖ ಹಾಜಿಯವರ ಅಂಗಡಿಗೆ ಹೋದಳು. ತೂತಿನ ಸಂಗತಿಯನ್ನು ಬಿಳಿ ಹಾಳೆಯ ಮೇಲೆ ಬರೆದು ತೋರಿಸಿದಳು. ಬರೆದ ಮೇಲೆ ಹುಳು ತಿಂದಿದ್ದರೆ ಅಕ್ಷರದ ಹೊಟ್ಟೆ ಹರಿಯಬೇಕಿತ್ತು ಎಂದಳು.

ಹಾಜಿ ಹಾಳೆಯ ಮೇಲಿನ ತೂತಿನ ಗುರುತಿಗೆ ಬೆರಳಿಟ್ಟರು. “ಇಷ್ಟು ಕಾಲ ಎಲ್ಲಿ ಹೋಗಿತ್ತು ನಿನ್ನ ಬಾಯಿ?”

“ನನ್ನದೂ ತಪ್ಪು. ಅದನ್ನೂ ಬರೆದು ಕೊಡುತ್ತೇನೆ.”

“ಪರಿಮಳ ಬಂತು ಅಂತ ಅಷ್ಟು ಜನರ ಮುಂದೆ ಹೇಳಿದವನು ನಾನು.”

“ಬಂದಿತ್ತಾ, ಹಾಜಿಯವರೇ?”

“ಬಂದ ಹಾಗಾಯಿತು.” ಅವರು ಹಾಳೆಯನ್ನು ಮಡಚಿದರು. “ನಾಳೆ ಎರಡು ಮನೆಯ ಜಗಳಕ್ಕೆ ನಾನು ಕೂತರೆ ನನ್ನ ಮಾತನ್ನು ನಂಬುವವರು ಯಾರು, ಮಗಳೇ? ಒಂದು ದೀಪಕ್ಕೋಸ್ಕರ ಊರಿಗೆ ನ್ಯಾಯ ಹೇಳುವ ಬಾಯಿಯನ್ನೇ ಕೀಳುತ್ತೀಯಾ?”

“ಆ ದೀಪ ಹಚ್ಚುತ್ತಿದ್ದವನಿಗೆ ಊಟ ಸೇರುತ್ತಿಲ್ಲ,” ಎಂದು ಅವಳು ಎದ್ದಳು.

ಕಚೇರಿಯ ಹಾಳೆಯಲ್ಲಲ್ಲ, ಠಸ್ಸೆಯಿಲ್ಲದ ಬರಿಯ ಹಾಳೆಯಲ್ಲಿ ಅವಳು ಎರಡು ಪುಟ ಬರೆದಳು: ತೂತು, ಹೊಡೆದುಹಾಕಿದ ಟಿಪ್ಪಣಿ, ತನ್ನ ಮೌನ, ತಾನು ಕಟ್ಟಿದ ವಾಕ್ಯ. ಸಹಿ ಹಾಕಿ ಆಸ್ಯಮ್ಮನ ಕೈಗೆ ಕೊಟ್ಟಳು. ಅದು ಊರಿಗೆ ಹೋಯಿತು. ಠಸ್ಸೆಯಿಲ್ಲದ ಕಾಗದವನ್ನು ನಂಬುವುದೆಂತು ಎಂದು ಕೆಲವರು ನಕ್ಕರು. ಆದರೆ ಓದಲು ಬಲ್ಲ ಇಬ್ಬರು ಮುದುಕರು ಕನ್ನಡಕ ಹಾಕಿ, ದರ್ಗಾದಲ್ಲಿ ತಂದಿಟ್ಟಿದ್ದ ಮೂಲವನ್ನು ಬೆಳಕಿಗೆ ಹಿಡಿದರು. ಆ ವಾರ ಸಮಿತಿಯಿಂದ ಒಂದು ಸಾಲಿನ ಸೂಚನೆ ಬಂತು: ದೀಪದ ಕೆಲಸ ಹಿಂದಿನಂತೆ ನಡೆಯತಕ್ಕದ್ದು. ಯಾಕೆಂದು ಬರೆದಿರಲಿಲ್ಲ. ಪತ್ರ ಸುಳ್ಳೆಂದು ಹಾಜಿ ಹೇಳಲಿಲ್ಲ. ಝುಲೈಖಳನ್ನು ಸಭೆಗೆ ಕರೆಯುವುದನ್ನು ನಿಲ್ಲಿಸಿದರು. ಕಚೇರಿಯ ಕೆಲಸವೂ ಹೋಯಿತು. ಆಸ್ಯಮ್ಮನ ಅಣ್ಣ ಮತ್ತೆ ದರ್ಗಾದ ಮೆಟ್ಟಿಲು ಹತ್ತಿದ. ವಾಕ್ಯ ಮಾತ್ರ ಸಾಯಲಿಲ್ಲ. ಈಗ ಅದನ್ನು ಅವನೂ ಹೇಳಿಕೊಂಡೇ ದೀಪ ಹಚ್ಚುತ್ತಾನೆ ಎಂದು ಆಸ್ಯಮ್ಮ ಹೇಳಿದಾಗ ಝುಲೈಖ ಕಿವಿ ಮುಚ್ಚಿಕೊಂಡಳಂತೆ.

ಮರುವರ್ಷ ಒಂದು ಮಧ್ಯಾಹ್ನ ಎದೆನೋವಿನಿಂದ ಹೋದಳು. ಕೋಣೆಯನ್ನು ತೆರವು ಮಾಡಿದ ನಸೀಮಳಿಗೆ ಸಿಕ್ಕಿದ್ದು ಇವು:

ಎರಡು ಅಬಾಯ, ಒಂದರ ತೋಳು ಹೊಸದಾಗಿ ಹೊಲಿದದ್ದು.
ಬೆನ್ನು ಕಳಚಿದ ಅರಬಿ ನಿಘಂಟು.
ಹಿಡಿಯಿಲ್ಲದ ಭೂತಗನ್ನಡಿ.
ರಕ್ತದೊತ್ತಡದ ಮಾತ್ರೆ, ಹನ್ನೊಂದು.
ಊರಿನಿಂದ ಬಂದ ಉಪ್ಪಿನಕಾಯಿಯ ಭರಣಿ, ಮುಚ್ಚಳ ತೆಗೆಯದ್ದು.
ಮೇಜಿನ ಖಾನೆಯಲ್ಲಿ ಒಂದು ಹಾಳೆ, ತಾರೀಕು ಮತ್ತು ಸಹಿಯೊಂದಿಗೆ: “ನನ್ನ ಸ್ವಂತ ಮಾತಿನ ಕೈಬರಹವೆಂದು ಇರುವುದು ಊರಿಗೆ ಕಳಿಸಿದ ಆ ಎರಡು ಪುಟ ಮತ್ತು ಇದು. ನಾಳೆ ಬೇರೆ ಯಾವುದಾದರೂ ಸಿಕ್ಕಿತೆಂದು ಯಾರಾದರೂ ತಂದರೆ, ಅದು ಎಷ್ಟೇ ಚೆನ್ನಾಗಿದ್ದರೂ, ನನ್ನದಲ್ಲ.”