ಪೂರ್ತಿ ಕೂತ ದಿನ

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದಕ್ಕೂ ಒಂದು ವಿದ್ಯೆ ಬೇಕು ಎಂದರೆ ನೀವು ನಗಬಹುದು. ನಕ್ಕವರು ತೆಳ್ಳಗಿದ್ದಾರೆ ಎಂದು ನಾನು ಇಲ್ಲಿಂದಲೇ ಹೇಳಬಲ್ಲೆ. ನನ್ನಂಥ ಸ್ಥೂಲಕಾಯದವಳಿಗೆ ಕಲ್ಯಾಣಮಂಟಪದೊಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ಮದುಮಗಳಲ್ಲ, ಕುರ್ಚಿ. ಅದರ ಕಾಲು ನೆಟ್ಟಗಿದೆಯೇ, ಬೆನ್ನಿನ ಬಳಿ ಬಿರುಕು ಬಿಟ್ಟಿದೆಯೇ, ಎರಡು ತೋಳುಗಳ ನಡುವೆ ನನಗೆ ಎಡೆಯಿದೆಯೇ ಎಂದು ಬೀಗರನ್ನು ಮಾತಾಡಿಸುತ್ತಲೇ ಓರೆಗಣ್ಣಿನಲ್ಲಿ ಪರೀಕ್ಷಿಸಿ, ಆಮೇಲೆ ಅಂಚಿಗೆ ಹಗುರಾಗಿ ತಾಗಿಸಿದಂತೆ ಮಾಡಿ, ಮೈಭಾರವನ್ನೆಲ್ಲ ತೊಡೆಗಳಲ್ಲೇ ಹಿಡಿದಿಟ್ಟು, ಮುಖದಲ್ಲಿ ಮಾತ್ರ ಸುಖಾಸೀನಳಾದ ಕಳೆ ತಂದುಕೊಳ್ಳಬೇಕು. ನೋಡುವವರ ಪಾಲಿಗೆ ನಾನು ಕೂತಿದ್ದೇನೆ. ಕೂತಿಲ್ಲವೆಂಬುದು ನನಗೆ ಮತ್ತು ಆ ಕುರ್ಚಿಗೆ ಮಾತ್ರ ಗೊತ್ತು.

ಈ ಅರೆಕೂರುವಿಕೆಗೆ ಕಾರಣವಿದೆ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆ ನಿಂತ ಬೇಸಾಯದ ಮನೆಯವಳು ನಾನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿ ಮಡಿಕೇರಿಯ ಗುಡ್ಡ ಹತ್ತಿದೆ. ಹತ್ತಿದ ಹೊಸದರಲ್ಲೇ ಸಹೋದ್ಯೋಗಿಯೊಬ್ಬರ ಮದುವೆಯೂಟ. ಅಕ್ಕಿತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ ಕಡಂಬುಟ್ಟು ಎಂಬ ಬಿಳಿಯ ಗುಂಡುಕಡುಬು ನನ್ನ ಎಲೆಗೆ ಬಿದ್ದು, ಅದರ ಮೇಲೆ ಕೋಳಿಸಾರು ಇಳಿಯುವ ಹೊತ್ತಿಗೆ ಸರಿಯಾಗಿ ಕುರ್ಚಿಯ ಹಿಂಗಾಲು ಲಟಕ್ಕೆಂದಿತು. ಬಿದ್ದೆ. ಪೆಟ್ಟಾಗಲಿಲ್ಲ, ಆಗಿದ್ದರೆ ಜನ ಅಯ್ಯೋ ಎನ್ನುತ್ತಿದ್ದರು. ಆಗಲಿಲ್ಲವಾದ್ದರಿಂದ ನಕ್ಕರು. ಎತ್ತಲು ಬಂದವರೂ ತುಟಿ ಕಚ್ಚಿಕೊಂಡೇ ಎತ್ತಿದರು. ಅಂದಿನಿಂದ ನಾಲ್ಕು ಜನರ ನಡುವೆ ನಾನು ಪೂರ್ತಿ ಕೂತವಳಲ್ಲ, ಪೂರ್ತಿ ಉಂಡವಳೂ ಅಲ್ಲ. ಒಂದು ಕಡುಬು ಬಿದ್ದೊಡನೆ “ಸಾಕು, ಸಾಕು” ಎಂದು ಎಲೆಗೆ ಕೈ ಅಡ್ಡ ಹಿಡಿದು, ಮನೆಗೆ ಬಂದು ಮೊಸರನ್ನ ಕಲಸಿಕೊಂಡು ತಿಂದ ದಿನಗಳೆಷ್ಟೋ. ನಾಚಿಕೆಯ ಮುಂದೆ ಹಸಿವು ಏನೇನೂ ಅಲ್ಲ ಸ್ವಾಮಿ.

ಹಾಗೆ ನೋಡಿದರೆ ಮಡಿಕೇರಿಯ ಶರದೃತು ಇಂಥ ಸಂಕೋಚಕ್ಕೆ ಹೇಳಿ ಮಾಡಿಸಿದ ಕಾಲವಲ್ಲ. ಮಳೆ ಹಿಂದೆ ಸರಿದದ್ದೇ ತಡ, ಊರಿಗೆ ಊರೇ ಬಿಡುಗಡೆಯಾದಂತೆ ಹೊರಗೆ ಬರುತ್ತದೆ. ತಿಂಗಳುಗಟ್ಟಲೆ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿದ ಬಟ್ಟೆಗಳು ಬಿಸಿಲು ಕಾಣುತ್ತವೆ. ಗೋಡೆಯ ಪಾಚಿ ಒಣಗಿ ಉದುರುತ್ತದೆ. ದಸರಾ ಮೆರವಣಿಗೆಯ ಮಂಟಪಗಳನ್ನು ಕಟ್ಟುವ ಶೆಡ್ಡುಗಳಲ್ಲಿ ದೇವತೆಗೂ ರಾಕ್ಷಸನಿಗೂ ಒಂದೇ ಡಬ್ಬಿಯಿಂದ ಬಣ್ಣ. ಸಂಜೆಯಾದರೆ ವೇದಿಕೆಯಲ್ಲಿ ಭರತನಾಟ್ಯ, ಕೋಲಾಟ, ಕೊಡವ ಹೆಂಗಸರ ಉಮ್ಮತ್ತಾಟ್ ಕುಣಿತ. ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಲು ಬಂದ ಪ್ರವಾಸಿಗಳು ಬರೀ ಮಂಜು ನೋಡಿ, ಅದನ್ನೇ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಹಗಲೆಲ್ಲ ಮೈದಾನದಲ್ಲಿ ಆಟೋಟ. ತಿನ್ನುವವರು, ಕುಣಿಯುವವರು, ಓಡುವವರು ಎಲ್ಲರಿಗೂ ಈ ಋತುವಿನಲ್ಲಿ ಜಾಗವಿದೆ. ನಾನು ಮಾತ್ರ ಚಪ್ಪಾಳೆ ತಟ್ಟುವವರ ಸಾಲಿನಲ್ಲಿ, ಅದೂ ಕುರ್ಚಿಯ ತುದಿಯಲ್ಲಿ, ವರ್ಷ ವರ್ಷವೂ ಇರುತ್ತಿದ್ದೆ.

ಹೋದ ವರ್ಷ ದಸರಾ ಹತ್ತಿರವಿರುವಾಗ ಪಕ್ಕದ ಮನೆಯ ಬೊಳ್ಳಮ್ಮ ಬೇಲಿಯಾಚೆಯಿಂದ ಕರೆದರು.

“ಟೀಚರೇ, ನಮ್ಮ ಬಡಾವಣೆಯ ಹೆಂಗಸರದ್ದು ಹಗ್ಗಜಗ್ಗಾಟದ ಟೀಮ್ ಆಗಿದೆ. ಕೊನೆಯಲ್ಲಿ ನಿಲ್ಲೋಕೆ ಒಬ್ಬರು ಬೇಕು. ನೀವೇ ಬರ್ಬೇಕು.”

“ನಾನೇ ಯಾಕೆ?” ಎಂದೆ, ಉತ್ತರ ಗೊತ್ತಿದ್ದೂ.

ಬೊಳ್ಳಮ್ಮನಿಗೆ ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ. “ಎಂಥ ಯಾಕೆ? ನಿಮ್ಮನ್ನ ಎಳೆಯೋಕೆ ಯಾರಿಗೆ ಆಗ್ತದೆ ಮಾರಾಯ್ರೇ!”

ನನಗೆ ಮೈಯೆಲ್ಲ ಉರಿದುಹೋಯಿತು. ಪಂಪನನ್ನೂ ಹರಿಹರನನ್ನೂ ತಲೆಯಲ್ಲಿ ಹೊತ್ತು ತಿರುಗುವವಳನ್ನು ಈ ಊರು ಕೊನೆಗೂ ಕರೆದದ್ದು ತೂಕದ ಕಲ್ಲಾಗುವುದಕ್ಕೆ! ದಡದಡನೆ ಒಳಗೆ ಹೋಗಿ ಕಾಫಿ ಕಾಸಿ, ಒಬ್ಬಳೇ ಕುಡಿದೆ. ಯಜಮಾನರು ಪತ್ರಿಕೆಯಿಂದ ತಲೆಯೆತ್ತದೆ ಅಂದರು, “ಹೋಗ್ ಬಾರೇ. ಬಿದ್ರೂ ಹುಲ್ಲಿನ ಮೇಲೆ ತಾನೆ ಬೀಳೋದು?” ಅವರಿಗೇನು, ಕಡ್ಡಿಯಂಥ ಮನುಷ್ಯ. ನನ್ನ ಭಯ ಬೀಳುವುದಲ್ಲ, ಬಿದ್ದಾಗ ಕೇಳುವ ಆ ನಗು. ಮೈದಾನದ ಸುತ್ತ ನಿಲ್ಲುವವರಲ್ಲಿ ಅರ್ಧ ನನ್ನ ವಿದ್ಯಾರ್ಥಿಗಳೇ. ಆದರೂ ಹೋದೆ. ಯಾಕೆ ಹೋದೆನೆಂದು ಕೇಳಿದರೆ, ಚಪ್ಪಾಳೆ ತಟ್ಟಿ ತಟ್ಟಿ ನನಗೂ ಸಾಕಾಗಿತ್ತು.

ಹೆಂಗಸರ ವಿಭಾಗಕ್ಕೆ ಹೆಸರು ಕೊಟ್ಟಿದ್ದುದೇ ಎರಡು ತಂಡ, ಹಾಗಾಗಿ ಹೋದೊಡನೆ ಫೈನಲ್ಲು. ಎದುರಿಗೆ ಪೊನ್ನಂಪೇಟೆ ಕಡೆಯ ತಂಡ: ಹಾಕಿ ಆಡಿ ಬೆಳೆದ ಹುಡುಗಿಯರು, ಒಂದೇ ಬಣ್ಣದ ಜೆರ್ಸಿ, ಒಂದೇ ಬಣ್ಣದ ಕಾಲುಚೀಲ, ಸೋಲೆಂದರೆ ಏನೆಂದು ತಿಳಿಯದ ಮುಖಗಳು. ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ವೇಷ. ನನ್ನದು ಚೂಡಿದಾರ, ಕಾಲಿಗೆ ಯಜಮಾನರ ಕ್ಯಾನ್ವಾಸ್ ಶೂ. ಮೂರು ಎಳೆತದಲ್ಲಿ ಎರಡು ಗೆದ್ದವರಿಗೆ ಗೆಲುವು. ಹಗ್ಗದ ತುದಿಯನ್ನು ನನ್ನ ಬೆನ್ನಿಗೆ ಬಳಸಿ, ಬೊಳ್ಳಮ್ಮ ಮುಂದೆ ನಿಂತರು. ಸೀಟಿ ಕೂಗಿತು.

ಮೊದಲ ಎಳೆತದ ಕಥೆ ಹೇಳದಿದ್ದರೇ ಚೆಂದ. ಹಗ್ಗ ಎಳೆಯುವವರು ಹಿಂದಕ್ಕೆ ಬಾಗಬೇಕು, ಬಾಗಿದರೆ ಹಿಂಭಾಗ ಹೊರಚಾಚುತ್ತದೆ, ಬೆನ್ನ ಹಿಂದೆ ಒಂಬತ್ತನೇ ತರಗತಿ ಪೂರ್ತಿ ನಿಂತಿದೆ. ಹಾಗಾಗಿ ನಾನು ಪ್ರಾರ್ಥನೆಯ ಸಾಲಿನಲ್ಲಿ ನಿಂತಂತೆ ನೆಟ್ಟಗೆ ನಿಂತೆ. ಕಣ್ಣು ಮಿಟುಕಿಸುವುದರೊಳಗೆ ಗೆರೆಯಾಚೆ ಇದ್ದೆ. ಎಲ್ಲೋ ಒಂದು ಕಿಸಕ್ಕೆನ್ನುವ ನಗು ಕೇಳಿಸಿತು.

ಬೊಳ್ಳಮ್ಮ ತಿರುಗಿದರು. “ಟೀಚರೇ, ನಿಂತು ಪಾಠ ಮಾಡೋದಲ್ಲ ಇದು! ಕೂತ್ಕೊಳ್ಳಿ! ಹಿಂದೆ ಕುರ್ಚಿ ಉಂಟು ಅಂತ ತಿಳ್ಕೊಂಡು ಕೂತ್ಕೊಳ್ಳಿ!”

ಗೆಳೆಯರೇ, ಆ ಕ್ಷಣವನ್ನು ನೆನೆದರೆ ಈಗಲೂ ನನಗೆ ರೋಮಾಂಚನ. ಇಲ್ಲದ ಕುರ್ಚಿಯಲ್ಲಿ ಕೂರುವುದು! ಆ ಮೈದಾನದಲ್ಲಿ, ಆ ಊರಿನಲ್ಲಿ, ಇಡೀ ಕೊಡಗಿನಲ್ಲಿ ಆ ವಿದ್ಯೆಯನ್ನು ನನ್ನಷ್ಟು ಕಾಲ ಅಭ್ಯಾಸ ಮಾಡಿದವರು ಇನ್ಯಾರಿದ್ದರು? ಯಾರಿಗೂ ಕಾಣದಂತೆ, ರೇಷ್ಮೆ ಸೀರೆಯ ನೆರಿಗೆಗಳ ಮರೆಯಲ್ಲಿ, ಮದುವೆ ಮದುವೆಯಲ್ಲೂ ನನ್ನ ತೊಡೆಗಳು ಸಾಧನೆ ಮಾಡುತ್ತಲೇ ಬಂದಿದ್ದವು. ನಾಚಿಕೆಗೆಂದು ಮಾಡಿದ್ದು ಶಕ್ತಿಯಾಗಿ ಕೂಡಿಬಿದ್ದಿತ್ತು, ನನಗೇ ತಿಳಿದಿರಲಿಲ್ಲ ಅಷ್ಟೇ.

ಎರಡನೆಯ ಸೀಟಿಗೆ ನಾನು ಕೂತೆ. ಹಿಮ್ಮಡಿಯನ್ನು ಮಣ್ಣಿಗೆ ಊರಿ, ಒಂಬತ್ತನೇ ತರಗತಿಯನ್ನು ಮರೆತು, ಕಲ್ಯಾಣಮಂಟಪದಲ್ಲಿ ಕೂತ ಹಾಗೆಯೇ ಕೂತೆ. ಹಗ್ಗ ಬಿಗಿಯಿತು. ಆ ಕಡೆಯ ಹುಡುಗಿಯರು ಜಗ್ಗಿದರು, ಮುಖ ಕೆಂಪಾಗುವ ತನಕ ಜಗ್ಗಿದರು. ನಾನು ಕದಲಲಿಲ್ಲ. ಬೊಳ್ಳಮ್ಮ “ಐಲೇಸಾ” ಎಂದು ಕೂಗಿದಾಗಲೆಲ್ಲ ನಮ್ಮವರು ಒಂದೊಂದು ಗೇಣು ಹಿಂದೆ ಬಂದರು. ಗೆದ್ದೆವು. ಮೂರನೆಯದು ಮುಗಿಯುವುದೇ ಇಲ್ಲವೇನೋ ಎಂಬಂತೆ ಎಳೆಯಿತು. ಕಾಲು ಗಡಗಡ ನಡುಗಿತು, ಅಂಗೈ ಉರಿಯಿತು. ಆದರೆ ಸನ್ಮಾನ ಸಮಾರಂಭಗಳಲ್ಲಿ ಅಧ್ಯಕ್ಷರ ಭಾಷಣ ಮುಗಿಯುವ ತನಕ ಹೀಗೆಯೇ ಕೂತು ಬಂದವಳು ನಾನು. ಹಾಕಿ ಆಡುವ ಹುಡುಗಿಯರಿಗೆ ಆ ಅನುಭವವೆಲ್ಲಿಂದ ಬರಬೇಕು? ಅವರ ಸಾಲು ಮೆಲ್ಲನೆ ಜಾರಿತು, ಮತ್ತೆ ಜಾರಿತು, ಒಮ್ಮೆಲೇ ಗೆರೆ ದಾಟಿ ಬಂತು.

“ಮಿಸ್! ಮಿಸ್!” ಎಂದು ಒಂಬತ್ತನೇ ತರಗತಿ ಗಂಟಲು ಹರಿಯುವಂತೆ ಕೂಗುತ್ತಿತ್ತು. ನಾನು ಅತ್ತೆ, ನಕ್ಕೆ, ಎರಡನ್ನೂ ಜೊತೆಗೇ ಮಾಡಿದೆ. ಅಷ್ಟರಲ್ಲಿ ವಾಲಗ ಶುರುವಾಯಿತು. ವಾಲಗದ ಪೆಟ್ಟು ಕೇಳಿದರೆ ಈ ಊರಿನವರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಗೆದ್ದವರು ಸೋತವರೆಲ್ಲ ಸೇರಿ ಕುಣಿದರು. ಎದುರು ತಂಡದ ನಾಯಕಿಯೇ ನನ್ನ ಕೈ ಹಿಡಿದು ಎಳೆದಳು, ಈ ಸಲ ಅವಳು ಎಳೆದತ್ತ ಹೋದೆ. ಈ ಗುಡ್ಡಕ್ಕೆ ಬಂದ ಮೇಲೆ ಮೊದಲ ಬಾರಿಗೆ ಕುಣಿದೆ. ಚೆನ್ನಾಗಿ ಕುಣಿಯಲಿಲ್ಲ, ಜೋರಾಗಿ ಕುಣಿದೆ.

ಆಮೇಲೆ ಊಟ. ಶಾಮಿಯಾನದ ಕೆಳಗೆ ಕುಂಬಳಕಾಯಿ ಪಲ್ಯ, ಕೋಳಿಸಾರು, ಹಬೆಯಾಡುವ ಕಡಂಬುಟ್ಟಿನ ಪಾತ್ರೆ. ಬೊಳ್ಳಮ್ಮ ಎಲ್ಲಿಂದಲೋ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದು ತಂದು, “ಕೂತ್ಕೊಳ್ಳಿ ಟೀಚರೇ” ಎಂದರು. ಅಭ್ಯಾಸಬಲದಿಂದ ನನ್ನ ಕಣ್ಣು ಅದರ ಹಿಂಗಾಲಿಗೆ ಹೋಯಿತು. ಛೆ, ಏನಾದರಾಗಲಿ ಎಂದುಕೊಂಡು ಕೂತೆ. ತುದಿಯಲ್ಲಲ್ಲ, ನಡುವೆ. ಬೆನ್ನನ್ನೂ ಒರಗಿಸಿದೆ. ಕಿರ್ರೆಂದಿತು ಕುರ್ಚಿ. ಪಕ್ಕದಲ್ಲಿದ್ದವರು ನನ್ನತ್ತ ತಿರುಗಿ ನೋಡಿದರು. ನಾನೂ ಅವರನ್ನೇ ನೋಡಿದೆ, ಮೊದಲು ಕಣ್ಣು ತಪ್ಪಿಸಿದವರು ಅವರೇ. ಕುರ್ಚಿ ಸುಮ್ಮನಾಯಿತು.

ಬಡಿಸುವಾಕೆ ಒಂದು ಕಡುಬು ಹಾಕಿ, ನನ್ನ ಕೈ ಅಡ್ಡ ಬರುವುದನ್ನೇ ಕಾದಂತೆ ನಿಂತಳು. “ಸಾಕಾ ಮಿಸ್?”

“ಇನ್ನೆರಡು ಹಾಕಮ್ಮ” ಎಂದೆ, ಇಡೀ ಶಾಮಿಯಾನಕ್ಕೆ ಕೇಳುವ ಹಾಗೆ.