‘ಮಾಹಿತಿ ಸರಿಯಿಲ್ಲ’ ಎಂದ ಪರದೆ

ನನ್ನ ಮೇಜಿನ ಗಾಜಿನಡಿಯಲ್ಲಿ ಒಬ್ಬಳೇ ಹುಡುಗಿಯ ಮೂರು ಪಾಸ್‌ಪೋರ್ಟ್ ಅಳತೆಯ ಚಿತ್ರಗಳಿವೆ, ಗೆಳೆಯಾ: ಒಂದರ ಹಿನ್ನೆಲೆ ನೀಲಿ, ಇನ್ನೊಂದರದು ಬಿಳಿ, ಮೂರನೆಯದರಲ್ಲಿ ಕಿವಿಗಳೆರಡೂ ಕಾಣುವಂತೆ ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಲಾಗಿದೆ. ಇವಕ್ಕಾಗಿ ಅವಳ ತಾಯಿ ಸಿದ್ದಗಂಗಮ್ಮ ಮಗಳನ್ನು ಕರೆದುಕೊಂಡು ಕಡಬದಿಂದ ಗುಬ್ಬಿಗೆ ಮೂರು ಸಲ ಬಸ್ಸು ಹತ್ತಿದ್ದರು, ಹತ್ತಿಸಿದವಳು ನಾನು.

ತುಮಕೂರಿನ ವಿದ್ಯಾರ್ಥಿನಿಲಯವೊಂದರ ಅರ್ಜಿಗಾಗಿ ಜಾಲತಾಣ ಕಟ್ಟಿದ ನಾಲ್ವರಲ್ಲಿ ನಾನೂ ಒಬ್ಬಳು. ಅಂಥದ್ದನ್ನು ಯಾರೂ ಬರಿನೆಲದಿಂದ ಎಬ್ಬಿಸುವುದಿಲ್ಲ. ಯಾರೋ ಮೊದಲೇ ಹೆಣೆದಿಟ್ಟ ಫ್ರೇಮ್‌ವರ್ಕ್ ಎಂಬ ಚೌಕಟ್ಟನ್ನು ತಂದು ನಿಲ್ಲಿಸಿ, ಅದಕ್ಕೆ ನಮ್ಮ ಗೋಡೆ ಕಟ್ಟುತ್ತೇವೆ. ಅರ್ಜಿಯಲ್ಲಿ ತಪ್ಪು ಕಂಡರೆ ಏನು ಹೇಳಬೇಕೆಂಬ ವಾಕ್ಯಗಳೂ ಅದರೊಳಗೆ ಸಿದ್ಧವಾಗಿರುತ್ತವೆ. ಅವು ಪರದೆಯ ಅಂದ ಕೆಡಿಸುತ್ತವೆಂದು ಅಷ್ಟನ್ನೂ ಮುಚ್ಚಿ ನಾನು ಒಂದೇ ಮಾತು ಬರೆದಿದ್ದೆ: ‘ಮಾಹಿತಿ ಸರಿಯಿಲ್ಲ.’

ಯಾವ ಮಾಹಿತಿ, ಏಕೆ ಸರಿಯಿಲ್ಲ? ಹೇಳಲಿಲ್ಲ. ‘ನಾಳೆ ಬಾ’ ಎನ್ನುವ ಗುಮಾಸ್ತನನ್ನು ವಿಶ್ವವಿದ್ಯಾಲಯದಲ್ಲಿ ಓದುವಾಗ ಭಾಷಣಗಳಲ್ಲಿ ಸುಟ್ಟು ಬೂದಿ ಮಾಡಿದವಳು, ಅವನನ್ನೇ ಪರದೆಯೊಳಗೆ ಕೂರಿಸಿದ್ದೆ. ಈ ಗುಮಾಸ್ತನಿಗೆ ಬೈಯಲು ಒಂದು ಹೆಸರೂ ಇರಲಿಲ್ಲ.

ಅರ್ಜಿಗಳು ಸಲ್ಲಿಕೆಯಾಗುತ್ತಿಲ್ಲವೆಂಬ ದೂರು ಬಂದು, ಕೊನೆಯ ದಿನದ ಮಧ್ಯಾಹ್ನ ನಾನು ಆನ್‌ಲೈನ್ ಅರ್ಜಿ ತುಂಬಿಕೊಡುವ ಗುಬ್ಬಿಯ ಅಂಗಡಿಗೆ ಹೋದಾಗ, ಸಿದ್ದಗಂಗಮ್ಮ ಮೂರನೆಯ ಚಿತ್ರ ಹಿಡಿದು ಕೂತಿದ್ದರು. ಸೀಟು ಸಿಗದಿದ್ದರೆ ಮಗಳ ಓದು ಅಲ್ಲಿಗೇ ನಿಲ್ಲುತ್ತಿತ್ತು. ತಪ್ಪು ಚಿತ್ರದಲ್ಲೇ ಇರಬೇಕೆಂದು ಅಂಗಡಿಯ ಲೋಕೇಶ ಊಹಿಸಿದ್ದ. ಊಹೆಯನ್ನಲ್ಲದೆ ಅವನಿಗೆ ನಾನು ಬೇರೇನನ್ನು ಉಳಿಸಿದ್ದೆ? ಮೂರನೆಯದಕ್ಕೂ ಪರದೆ ಅದೇ ಮಾತಾಡಿತು. ಅದನ್ನು ಕಟ್ಟಿದವಳು ನಾನೇ ಎಂದು ಒಪ್ಪಿಕೊಂಡೆ.

“ಅಲ್ಲ ಕಣವ್ವಾ, ಏನ್ ಸರಿಯಿಲ್ಲ ಅಂತ ಹೇಳೋಕೆ ಇದ್ರ ಬಾಯೇನು ಬಿದ್ದೋಗೈತಾ?” ಎಂದರು ಸಿದ್ದಗಂಗಮ್ಮ.

ಅಲ್ಲೇ ಲ್ಯಾಪ್‌ಟಾಪ್ ತೆರೆದು, ನನ್ನ ಸಾಲನ್ನು ಅಳಿಸಿ, ಚೌಕಟ್ಟಿನ ಮೂಲ ವಾಕ್ಯಗಳನ್ನು ಮರಳಿ ಕರೆಸಿದೆ. ಅವನ್ನು ಮನಸ್ಸಿಟ್ಟು ಓದಿದ್ದು ಅಂದೇ ಮೊದಲು. ಪ್ರತಿ ವಾಕ್ಯದಲ್ಲೂ ಒಂದು ತೆರವು, ತಪ್ಪಿದ ಕಾಲಂನ ಹೆಸರು ಬಂದು ಕೂರಲೆಂದು. ಮಿತಿಯಿದ್ದಲ್ಲಿ ಇನ್ನೊಂದು ತೆರವು, ಎಷ್ಟಿರಬೇಕೆಂದು ತಿಳಿಸಲು. ತಾವು ನೋಡದ ಊರಿನ, ಮುಖವರಿಯದ ಮನುಷ್ಯರಿಗೆ ಕಾರಣ ಹೇಳುವ ಹೊಣೆ ತಮ್ಮದೆಂದು ಬಗೆದು, ಯಾರೋ ಒಂದೊಂದು ನಿಯಮಕ್ಕೂ ಒಂದೊಂದು ವಾಕ್ಯವನ್ನು ತಾಳ್ಮೆಯಿಂದ ಬರೆದಿಟ್ಟಿದ್ದರು. ‘ಆಗದು’ ಎನ್ನುವ ಅಧಿಕಾರವುಳ್ಳ ಪ್ರತಿಯೊಬ್ಬರೂ ಓದಬೇಕಾದ ಗದ್ಯ ಅದು. ಅದರ ಮುಂದೆ ನನ್ನ ಭಾಷಣಗಳು ನಾಚಬೇಕು.

ಈ ಸಲ ಪರದೆ ಇಂಗ್ಲಿಷಿನಲ್ಲಿ ತಿಳಿಸಿದ್ದನ್ನು ಲೋಕೇಶ ಕನ್ನಡದಲ್ಲಿ ಹೇಳಿದ: ಈ ಮೊಬೈಲ್ ನಂಬರನ್ನು ಈಗಾಗಲೇ ಬೇರೊಬ್ಬರು ಕೊಟ್ಟಿದ್ದಾರೆ.

ಸಿದ್ದಗಂಗಮ್ಮ ನಕ್ಕುಬಿಟ್ಟರು. ಯಾವ ಅರ್ಜಿಗಾದರೂ ಅವರ ಬೀದಿಯವರೆಲ್ಲ ಕೊಡುವುದು ರುದ್ರಪ್ಪ ಮೇಷ್ಟ್ರ ನಂಬರನ್ನೇ. ಬಂದ ಸಂದೇಶವನ್ನು ಓದಿ, ಆಯಾ ಮನೆಯ ಬಾಗಿಲಿಗೇ ಹೋಗಿ ಅರ್ಥ ಬಿಡಿಸಿ ಹೇಳುವವರು ಅವರು. ಪಕ್ಕದ ಮನೆಯ ಹುಡುಗಿಯ ಅರ್ಜಿಗೂ ಅದೇ ನಂಬರು ಹೋಗಿತ್ತು.

“ಇಷ್ಟೇಯಾ? ಮೇಷ್ಟ್ರುದು ಬುಡು ಲೋಕೇಶ, ಕುಣಿಗಲ್‌ನಾಗೆ ನನ್ ತಮ್ಮ ಅವ್ನೆ, ಅವನ್ದು ಹಾಕು,” ಎಂದವರು ನನ್ನ ಕಡೆ ತಿರುಗಿದರು. “ಇದನ್ನ ಮೊದ್ಲೇ ಹೇಳಿದ್ರೆ ನನ್ ಮಗ್ಳು ಮೂರ್ ಮೂರ್ ಸಲ ತಲೆ ಬಾಚ್ಕೊಳೋದು ತಪ್ತಿತ್ತು.”

ಅರ್ಜಿ ಹೋಯಿತು, ಹುಡುಗಿ ಈಗ ತುಮಕೂರಿನಲ್ಲಿ ಓದುತ್ತಿದ್ದಾಳೆ. ಅಂದು ಹೊರಡುವಾಗ ಆ ಚಿತ್ರಗಳ ಒಂದೊಂದು ಪ್ರತಿಯನ್ನು ಕೇಳಿ ಪಡೆದೆ. ಕೆಲಸಕ್ಕೆ ಕೂರುವ ಮೊದಲು ಅವನ್ನೊಮ್ಮೆ ನೋಡುತ್ತೇನೆ. ನೀಲಿಯಲ್ಲಿ ಅವಳು ನಗುತ್ತಿದ್ದಾಳೆ, ಬಿಳಿಯಲ್ಲಿ ನಗು ಅರ್ಧಕ್ಕೆ ನಿಂತಿದೆ, ಮೂರನೆಯದರಲ್ಲಿ ತುಟಿ ಬಿಗಿದಿದೆ. ಮೂರರಲ್ಲಿ ಯಾವುದರಲ್ಲೂ ತಪ್ಪಿರಲಿಲ್ಲ.